ಮೂರು ಊರಿನ ಹೆಸರುಗಳಲ್ಲಿ ಬಹುಭಾಷಾ ಜಾಲತಾಣದ ಇತಿಹಾಸ

ಒಂದು ಹಾಳೆ ತೆಗೆದುಕೊಂಡು ಆಳಂದ, ಅಫಜಲಪುರ, ಜೇವರ್ಗಿ ಎಂದು ಬರೆಯಿರಿ. ಮೂರೂ ಕಲಬುರಗಿ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. ಅವುಗಳ ಪಕ್ಕದಲ್ಲಿ ಇದೇ ಹೆಸರುಗಳನ್ನು ಮರಾಠಿಯವರಿಗಾಗಿ ನಾಗರಿ ಲಿಪಿಯಲ್ಲಿ ಬರೆಯಿರಿ, ಅದರಾಚೆ ಇಂಗ್ಲಿಷಿನಲ್ಲಿ. ನಿಮ್ಮ ಶಾಲೆಯಲ್ಲಿ ಉರ್ದು ಬಲ್ಲ ಶಿಕ್ಷಕರಿದ್ದರೆ ನಾಲ್ಕನೆಯ ಸಾಲನ್ನು ಅವರಿಂದ ಬರೆಸಿ. ಒಟ್ಟು ಹನ್ನೆರಡು ಹೆಸರುಗಳು, ಐದು ನಿಮಿಷದ ಕೆಲಸ. ಆದರೆ ಈ ಹನ್ನೆರಡನ್ನೂ ಒಂದೇ ಜಾಲತಾಣದಲ್ಲಿಟ್ಟು, ಯಾರು ಯಾವ ಭಾಷೆಯಲ್ಲಿ ಹುಡುಕಿದರೂ ಸರಿಯಾದ ಊರೇ ಸಿಗುವಂತೆ ಮಾಡುವುದು 1998ರಲ್ಲಿ ನುರಿತ ತಂತ್ರಜ್ಞರಿಗೂ ಬಲು ಕಷ್ಟದ ಕೆಲಸವಾಗಿತ್ತು. 2015ರ ಹೊತ್ತಿಗೆ ಆಸಕ್ತಿಯಿರುವ ಪ್ರೌಢಶಾಲಾ ಶಿಕ್ಷಕರೊಬ್ಬರು ಬೇಸಿಗೆ ರಜೆಯಲ್ಲಿ ಮಾಡಿ ಮುಗಿಸಬಹುದಾದ ಕೆಲಸವಾಯಿತು. ನಡುವೆ ನಡೆದದ್ದೇನು? ಈ ಮೂರು ಹೆಸರುಗಳನ್ನೇ ಕೈಯಲ್ಲಿ ಹಿಡಿದು ನೋಡೋಣ.

ಇವೇ ಊರುಗಳೇಕೆ ಎಂದು ನೀವು ಕೇಳಬಹುದು. 1948ರ ಸೆಪ್ಟೆಂಬರ್‌ವರೆಗೆ ಈ ಪ್ರದೇಶ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಡಳಿತದ ಭಾಷೆ ಉರ್ದು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಆಳಂದ, ಅಫಜಲಪುರ ತಾಲ್ಲೂಕುಗಳು ಮಹಾರಾಷ್ಟ್ರದ ಗಡಿಗೆ ತಾಗಿಕೊಂಡಿವೆ. ಅಫಜಲಪುರ ತಾಲ್ಲೂಕಿನ ಗಾಣಗಾಪುರದ ದತ್ತ ಕ್ಷೇತ್ರಕ್ಕೆ ಬರುವವರಲ್ಲಿ ಮರಾಠಿ ಮಾತನಾಡುವವರು ಬಹಳ. ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೆ ಬರುವ ಅನೇಕರು ಓದುವುದು ಉರ್ದು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ, 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ದೇಶದ ನಾನಾ ಕಡೆಯ ವಿದ್ಯಾರ್ಥಿಗಳು ಬರುತ್ತಾರೆ. ಸಂತೆಯಲ್ಲಿ ಈ ಭಾಷೆಗಳೆಲ್ಲ ಒಟ್ಟಿಗೆ ಬಾಳುತ್ತವೆ. ಗಣಕದೊಳಗೆ ಬಾಳುವಂತೆ ಮಾಡುವುದೇ ಬೇರೆ ವಿಷಯ.

ಜೇವರ್ಗಿಯಲ್ಲಿ ‘ರ’ ಎಲ್ಲಿದೆ?

ಗಣಕಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು ಎಂಬುದನ್ನು ನೀವು ತರಗತಿಯಲ್ಲಿ ಹೇಳಿರುತ್ತೀರಿ. ಒಂದು ಬೈಟಿನಲ್ಲಿ 256 ಬೇರೆ ಬೇರೆ ಸಂಖ್ಯೆಗಳಿಗೆ ಮಾತ್ರ ಜಾಗ. 1990ರ ದಶಕದ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳಿಗೆಂದು ಇದ್ದ ಈ ಜಾಗಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಿದವು. ಇಡೀ ಅಕ್ಷರಗಳನ್ನಲ್ಲ, ತುಂಡುಗಳನ್ನು; ಏಕೆಂದರೆ ಗುಣಿತಾಕ್ಷರ, ಒತ್ತಕ್ಷರಗಳೆಲ್ಲ ಸೇರಿದರೆ ಕನ್ನಡಕ್ಕೆ ಬೇಕಾಗುವ ಆಕಾರಗಳು ಸಾವಿರಾರು.

‘ನುಡಿ’ಯ ಹಳೆಯ ಅಕ್ಷರಶೈಲಿಯಲ್ಲಿ ‘ಜೇವರ್ಗಿ’ ಎಂಬ ಪದ ಏಳು ತುಂಡುಗಳಾಗುತ್ತದೆ: ಜಕಾರದ ಮೈ, ಎತ್ವ, ದೀರ್ಘದ ಕೊಕ್ಕೆ, ವಕಾರದ ಮೈ, ಅದರ ತಲಕಟ್ಟು, ಇಡಿಯಾಗಿ ‘ಗಿ’, ಕೊನೆಗೆ ಅರ್ಕಾವತ್ತು. ಇದರಲ್ಲಿ ‘ಗಿ’ ಕುಳಿತಿರುವುದು 86ನೇ ಜಾಗದಲ್ಲಿ, ಅಂದರೆ ಇಂಗ್ಲಿಷಿನ ದೊಡ್ಡ ‘ವಿ’ ಅಕ್ಷರದ ಜಾಗದಲ್ಲಿ. ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಆ ಕಡತ ತೆರೆದರೆ ಕಲಬುರಗಿಯ ಕೊನೆಗೂ ‘ವಿ’, ಜೇವರ್ಗಿಯ ಕೊನೆಯ ಹತ್ತಿರವೂ ‘ವಿ’. ಹಳೆಯ ಸರ್ಕಾರಿ ಸುತ್ತೋಲೆಗಳನ್ನು ತೆರೆದಾಗ ಕಾಣುವ ವಿಚಿತ್ರ ರೋಮನ್ ಸಾಲುಗಳ ಗುಟ್ಟು ಇದೇ.

ಇನ್ನೊಂದನ್ನೂ ಗಮನಿಸಿ. ನಾವು ಉಚ್ಚರಿಸುವಾಗ ‘ರ್’ ಮೊದಲು, ‘ಗಿ’ ಆಮೇಲೆ. ಆ ಕಡತದಲ್ಲಿ ಮಾತ್ರ ‘ಗಿ’ ಮೊದಲು, ಅರ್ಕಾವತ್ತು ಆಮೇಲೆ. ಕಣ್ಣಿಗೆ ಕಾಣುವ ಕ್ರಮ. ರಕಾರವಂತೂ ಅದರಲ್ಲಿ ಎಲ್ಲೂ ಇಲ್ಲ. ಅಂಥ ಪದಗಳನ್ನು ಅಕಾರಾದಿಯಾಗಿ ಜೋಡಿಸು ಎಂದರೆ ಗಣಕ ಜೋಡಿಸುತ್ತಿದ್ದುದು ಚಿತ್ರದ ತುಂಡುಗಳನ್ನು, ಅಕ್ಷರಗಳನ್ನಲ್ಲ.

ಹಾಗೆಂದು ಆ ತಂತ್ರಾಂಶಗಳನ್ನು ಹೀಗಳೆಯುವುದು ಅನ್ಯಾಯ. ಕೆ. ಪಿ. ರಾವ್ ಅವರು ರೂಪಿಸಿದ ಧ್ವನಿಮೂಲದ ಕೀಲಿಮಣೆ ವಿನ್ಯಾಸದಿಂದಲೇ ಇಂದಿಗೂ ನಮ್ಮಲ್ಲಿ ಬಹುಮಂದಿ ಟೈಪ್ ಮಾಡುತ್ತಿದ್ದೇವೆ. 1996ರಲ್ಲಿ ಯು. ಬಿ. ಪವನಜ ಅವರ ‘ವಿಶ್ವ ಕನ್ನಡ’ ಅಂತರಜಾಲಕ್ಕೆ ಬಂತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದವು. ಕಾಗದದ ಮೇಲೆ ಮುದ್ರಿಸುವುದೇ ಗುರಿಯಾಗಿದ್ದಾಗ ತುಂಡುಗಳ ಉಪಾಯ ಚೆನ್ನಾಗಿಯೇ ನಡೆಯಿತು.

ನಡೆಯದೆ ಹೋದದ್ದು ಎರಡನೆಯ ಭಾಷೆ ಬಂದಾಗ. 256 ಜಾಗಗಳನ್ನು ಕನ್ನಡವೇ ತುಂಬಿತು. ಮರಾಠಿ ಅಕ್ಷರಶೈಲಿ ಅದೇ ಜಾಗಗಳನ್ನು ತನ್ನ ತುಂಡುಗಳಿಂದ ತುಂಬಿತು. 86 ಎಂಬ ಸಂಖ್ಯೆ ಕನ್ನಡದ ‘ಗಿ’ಯೋ, ನಾಗರಿಯ ಯಾವುದೋ ಗೆರೆಯೋ, ಇಂಗ್ಲಿಷಿನ ‘ವಿ’ಯೋ ಎಂಬುದು ಆ ಸಂಖ್ಯೆಯಲ್ಲಿ ಇರುತ್ತಿರಲಿಲ್ಲ, ಯಾವ ಅಕ್ಷರಶೈಲಿ ಬಳಸಿದ್ದಾರೆ ಎಂಬುದರಲ್ಲಿ ಇರುತ್ತಿತ್ತು. ಹುಡುಕುಯಂತ್ರಕ್ಕೆ ಅಕ್ಷರಶೈಲಿ ಕಾಣುವುದಿಲ್ಲ, ಸಂಖ್ಯೆ ಮಾತ್ರ ಕಾಣುತ್ತದೆ. ಉರ್ದುವಿನ ಪಾಡು ಇನ್ನೂ ಕಷ್ಟ. ಇಳಿಜಾರಾಗಿ ಹರಿಯುವ ನಸ್ತಾಲೀಕ್ ಬರಹವನ್ನು ಬೇರೆ ತಂತ್ರಾಂಶದಲ್ಲಿ ಜೋಡಿಸಿ, ಪುಟವನ್ನು ಚಿತ್ರವಾಗಿ ಮಾಡಿ ಜಾಲಕ್ಕೆ ಏರಿಸುವುದು ಬಹುಕಾಲ ನಡೆದ ರೂಢಿ. ಚಿತ್ರದಲ್ಲಿ ಹುಡುಕಲು ಏನೂ ಇರುವುದಿಲ್ಲ.

ಆಳಂದ ಮತ್ತು 896

ಪರಿಹಾರದ ಬೀಜ ಭಾರತದಲ್ಲೇ ಇತ್ತು. ಬ್ರಾಹ್ಮಿಯಿಂದ ಬಂದ ನಮ್ಮ ಲಿಪಿಗಳಿಗೆಲ್ಲ ವರ್ಣಮಾಲೆ ಹೆಚ್ಚುಕಡಿಮೆ ಒಂದೇ ಎಂಬ ಸರಳ ಸಂಗತಿಯನ್ನು ಆಧರಿಸಿ ‘ಇಸ್ಕಿ’ ಎಂಬ ಸಂಕೇತ ರೂಪುಗೊಂಡು, 1991ರಲ್ಲಿ ಭಾರತೀಯ ಮಾನಕವಾಯಿತು. ಅದರಲ್ಲಿ ಸಂಖ್ಯೆ ಇದ್ದದ್ದು ಅಕ್ಷರಕ್ಕೆ, ಆಕಾರಕ್ಕಲ್ಲ. ಅದೇ ವರ್ಷ ಹೊರಬಂದ ಯೂನಿಕೋಡ್ ಇಸ್ಕಿಯ 1988ರ ರೂಪವನ್ನು ಅನುಸರಿಸಿ ಒಂದೊಂದು ಲಿಪಿಗೂ 128 ಜಾಗಗಳ ಒಂದೊಂದು ಓಣಿ ಕೊಟ್ಟಿತು. ದಶಮಾಂಶದಲ್ಲಿ ಹೇಳುವುದಾದರೆ ನಾಗರಿಯ ಓಣಿ 2304ರಿಂದ, ತೆಲುಗಿನದು 3072ರಿಂದ, ಕನ್ನಡದ್ದು 3200ರಿಂದ ಶುರುವಾಗುತ್ತದೆ. ಎಲ್ಲ ಓಣಿಗಳಲ್ಲೂ ಮನೆಗಳ ಕ್ರಮ ಒಂದೇ.

ಈಗ ‘ಆಳಂದ’ವನ್ನು ಬಿಡಿಸಿ. ಆ, ಳ, ಸೊನ್ನೆ, ದ. ಕನ್ನಡದಲ್ಲಿ ಇವುಗಳ ಸಂಖ್ಯೆ 3206, 3251, 3202, 3238. ಪ್ರತಿಯೊಂದರಿಂದ 896 ಕಳೆಯಿರಿ: 2310, 2355, 2306, 2342. ನಾಗರಿ ಲಿಪಿಯ ‘ಆಳಂದ’ ಸಿದ್ಧ! ಮರಾಠಿಯಲ್ಲಿ ಳಕಾರ ಇರುವುದರಿಂದ ಒಂದಕ್ಷರವೂ ಕೆಡಲಿಲ್ಲ. ಬರಿಯ ವ್ಯವಕಲನದಿಂದ ಲಿಪಿ ಬದಲಾಗುವುದನ್ನು ವಿದ್ಯಾರ್ಥಿಗಳಿಗೆ ಕರಿಹಲಗೆಯ ಮೇಲೆ ತೋರಿಸಿ. ನೂರು ವಿವರಣೆಗಿಂತ ಅದು ಹೆಚ್ಚು ನಾಟುತ್ತದೆ.

ಈ ಸಂಖ್ಯೆಗಳನ್ನು ಬೈಟುಗಳಲ್ಲಿ ತುಂಬುವ ‘ಯುಟಿಎಫ್-8’ ಎಂಬ ವಿಧಾನವನ್ನು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದರು. ಇದರಲ್ಲಿ ಇಂಗ್ಲಿಷಿನ ಅಕ್ಷರಕ್ಕೆ 1 ಬೈಟು, ಉರ್ದು ಅಕ್ಷರಕ್ಕೆ 2, ಕನ್ನಡ ಮತ್ತು ನಾಗರಿಗೆ 3. ನಾಲ್ಕು ಸಂಕೇತಗಳ ಆಳಂದಕ್ಕೆ 12 ಬೈಟು. ಈ ‘12’ನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಅಕ್ಷರಗಳನ್ನು ಉಚ್ಚಾರದ ಕ್ರಮದಲ್ಲಿ ಇಟ್ಟುಕೊಂಡು ತೆರೆಯ ಮೇಲೆ ಬರೆಯುವಾಗ ಮಾತ್ರ ಅರ್ಕಾವತ್ತನ್ನು ಹಿಂದಕ್ಕೆ ಒಯ್ಯುವ ಕೆಲಸವನ್ನು ಗಣಕದ ಕಾರ್ಯಾಚರಣ ವ್ಯವಸ್ಥೆ ವಹಿಸಿಕೊಂಡಿತು. 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ‘ತುಂಗಾ’ ಅಕ್ಷರಶೈಲಿ ಬಂದಾಗ ಸಾಮಾನ್ಯ ಬಳಕೆದಾರರಿಗೂ ಇದು ದಕ್ಕಿತು.

ಲೆಕ್ಕ ಕೈಕೊಡುವ ಊರು

896ರ ಸೊಗಸು ಕಂಡವರಿಗೆ ಒಂದು ಆಸೆ ಹುಟ್ಟುತ್ತದೆ. ಒಂದು ಭಾಷೆಯಲ್ಲಿ ಹೆಸರು ತುಂಬಿದರೆ ಸಾಕಲ್ಲ, ಮಿಕ್ಕವನ್ನು ಗಣಕವೇ ತಯಾರಿಸಲಿ! ಅಫಜಲಪುರ ಈ ಆಸೆಗೆ ತಣ್ಣೀರೆರಚುತ್ತದೆ.

ಈ ಹೆಸರಿನಲ್ಲಿ ಕನ್ನಡ ವರ್ಣಮಾಲೆಯಲ್ಲಿಲ್ಲದ ಎರಡು ಧ್ವನಿಗಳಿವೆ. ಹಿಂದಿಯವರು ಫ ಮತ್ತು ಜ ಎರಡರ ಕೆಳಗೂ ನುಕ್ತ ಹಾಕಿ ಅವನ್ನು ತೋರಿಸುತ್ತಾರೆ. ಕನ್ನಡದಲ್ಲೂ ‘ಅಫ಼ಜ಼ಲಪುರ’ ಎಂದು ಬರೆಯಬಹುದು. ಆದರೆ ಕನ್ನಡದ ನುಕ್ತ ಚಿಹ್ನೆಗೆ ಯೂನಿಕೋಡ್‌ನಲ್ಲಿ 3260ನೇ ಜಾಗ ಸಿಕ್ಕಿದ್ದು 2003ರ 4.0 ಆವೃತ್ತಿಯಲ್ಲಿ. ಇಂದಿಗೂ ಬಹುತೇಕರು ನುಕ್ತವಿಲ್ಲದೆಯೇ ಬರೆಯುತ್ತಾರೆ, ಅದು ತಪ್ಪೂ ಅಲ್ಲ. ಮರಾಠಿಯವರ ದಾರಿ ಬೇರೆ. ಅವರು ಜಕಾರಕ್ಕೆ ನುಕ್ತ ಹಾಕುವುದಿಲ್ಲ, ಝಕಾರ ಬಳಸುತ್ತಾರೆ. ‘ಪುರ’ವನ್ನು ‘ಪೂರ’ ಎಂದು ಎಳೆಯುತ್ತಾರೆ. ಅವರದು ‘ಅಫಝಲಪೂರ’. ಕನ್ನಡದಿಂದ 896 ಕಳೆದರೆ ಹಿಂದಿಯೂ ಸರಿಯಾಗಿ ಬರುವುದಿಲ್ಲ, ಮರಾಠಿಯೂ ಬರುವುದಿಲ್ಲ.

ಉರ್ದುವಿನಲ್ಲಿ ಸಮಸ್ಯೆ ಇನ್ನೂ ಆಳ. ಆ ಲಿಪಿಯಲ್ಲಿ ಈ ನುಕ್ತದ ಜಕಾರದ ಧ್ವನಿಗೆ ನಾಲ್ಕು ಅಕ್ಷರಗಳಿವೆ: ಜಾಲ್, ಜೇ, ಜ್ವಾದ್, ಜೋಯ್. ಉರ್ದು ಮಾತಿನಲ್ಲಿ ನಾಲ್ಕೂ ಒಂದೇ ರೀತಿ ಕೇಳಿಸುತ್ತವೆ. ‘ಅಫ್ಜಲ್’ ಅರಬ್ಬಿ ಮೂಲದ ಪದ, ಶ್ರೇಷ್ಠ ಎಂದರ್ಥ. ಅದರಲ್ಲಿ ಬರುವುದು ಜ್ವಾದ್. ಇದು ಕಿವಿಗೆ ಕೇಳುವ ಸಂಗತಿಯಲ್ಲ, ಪದದ ಚರಿತ್ರೆ ಬಲ್ಲವರಿಗೆ ಗೊತ್ತಿರುವ ಸಂಗತಿ. ಕನ್ನಡದ ‘ಜ’ವನ್ನು ಎಷ್ಟು ದಿಟ್ಟಿಸಿದರೂ ಅದರಲ್ಲಿ ಜ್ವಾದ್ ಕಾಣುವುದಿಲ್ಲ. ಆಳಂದದ ‘ಳ’ ಉರ್ದುವಿನಲ್ಲಿ ಇಲ್ಲವಾದ್ದರಿಂದ ಅಲ್ಲಿ ‘ಲ’ ಆಗುತ್ತದೆ. ಹಿಂದಕ್ಕೆ ತರುವಾಗ ಅದು ಲಕಾರವೋ ಳಕಾರವೋ ಹೇಳುವವರಿಲ್ಲ.

ಇಂಗ್ಲಿಷನ್ನು ಮೂಲವಾಗಿಟ್ಟುಕೊಂಡರೆ? ಅದೇ ಎಲ್ಲಕ್ಕಿಂತ ಕೆಟ್ಟ ಆಯ್ಕೆ ಎಂದು ನನ್ನ ಅಭಿಪ್ರಾಯ. ಐದು ರೋಮನ್ ಅಕ್ಷರಗಳ ಆಳಂದವನ್ನು ಲೆಕ್ಕ ಹಾಕಿ ನೋಡಿ. ಮೊದಲ ಅಕ್ಷರ ಅ ಅಥವಾ ಆ. ಎರಡನೆಯದು ಲ ಅಥವಾ ಳ. ನಡುವಿನ ಸ್ವರ ಹ್ರಸ್ವ ಅಥವಾ ದೀರ್ಘ. ಕೊನೆಯದು ದ ಅಥವಾ ಡ. ಅದಕ್ಕೆ ಸ್ವರ ಸೇರಬೇಕೋ ಬೇಡವೋ. 2ನ್ನು ಐದು ಸಲ ಗುಣಿಸಿದರೆ 32 ಓದುಗಳು, ಅದರಲ್ಲಿ ಸರಿಯಾದದ್ದು ಒಂದೇ. ಸಾಲದ್ದಕ್ಕೆ ಫಿನ್‌ಲ್ಯಾಂಡಿಗೆ ಸೇರಿದ ಸ್ವಾಯತ್ತ ದ್ವೀಪಸಮೂಹವೊಂದರ ಹೆಸರೂ, ಮೊದಲಕ್ಷರದ ಮೇಲಿನ ಸಣ್ಣ ಉಂಗುರವನ್ನು ಕಿತ್ತರೆ, ರೋಮನ್ ಲಿಪಿಯಲ್ಲಿ ಇದೇ ಆಗುತ್ತದೆ. ಇಂಗ್ಲಿಷಿನಲ್ಲಿ ನಮ್ಮ ಆಳಂದ ಹುಡುಕಿದವರಿಗೆ ಬಾಲ್ಟಿಕ್ ಸಮುದ್ರ ಕಾಣಿಸಿಕೊಂಡರೆ ಅಚ್ಚರಿಯಿಲ್ಲ.

ಆದ್ದರಿಂದ ಬಹುಭಾಷಾ ಜಾಲತಾಣದ ಮೂಲಸೂತ್ರ ಇದು: ಹೆಸರನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ಲೆಕ್ಕ ಹಾಕಿ ತೆಗೆಯಬಾರದು, ಪ್ರತಿ ಭಾಷೆಯಲ್ಲೂ ಆ ಭಾಷೆ ಬಲ್ಲವರು ಬರೆದಿಟ್ಟು, ಎಲ್ಲವನ್ನೂ ಒಂದೇ ಊರಿಗೆ ಕಟ್ಟಬೇಕು. ಹೀಗೆ ಕಟ್ಟುವ ಕೆಲಸಕ್ಕೇ ಬೇಕಾದದ್ದು ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಂ, ಚಿಕ್ಕದಾಗಿ ಸಿಎಂಎಸ್.

ಬರಹ ಬೇರೆ, ಪುಟ ಬೇರೆ

ಮೊದಲ ಕಾಲದ ಜಾಲತಾಣಗಳಲ್ಲಿ ಪುಟವೆಂದರೆ ಒಂದು ಕಡತ. ಅದರಲ್ಲಿ ವಿಷಯ, ಬಣ್ಣ, ಚೌಕಟ್ಟು ಎಲ್ಲ ಕಲಸಿ ಇರುತ್ತಿದ್ದವು. ನಾಲ್ಕು ಭಾಷೆಯಲ್ಲಿ ನೂರು ಪುಟ ಎಂದರೆ ನಾನೂರು ಕಡತ. ಈಗ ಈ ಜಿಲ್ಲೆಯ ಚರಿತ್ರೆ ನೋಡಿ: 2009ರ ಕೊನೆಯಲ್ಲಿ ಯಾದಗಿರಿ ಬೇರೆ ಜಿಲ್ಲೆಯಾಯಿತು, 2014ರ ನವೆಂಬರ್ 1ರಂದು ಗುಲಬರ್ಗಾ ಅಧಿಕೃತವಾಗಿ ಕಲಬುರಗಿಯಾಯಿತು, ಆಮೇಲೆ ಜೇವರ್ಗಿಯಿಂದ ಯಡ್ರಾಮಿ ಹೊಸ ತಾಲ್ಲೂಕಾಗಿ ಹೊರಬಂತು. ಪ್ರತಿ ಸಲವೂ ನಾನೂರು ಕಡತಗಳನ್ನು ಕೈಯಾರೆ ತಿದ್ದುವವರು ಯಾರು?

ಸಿಎಂಎಸ್ ವಿಷಯವನ್ನು ದತ್ತಸಂಚಯದಲ್ಲಿ ಇಡುತ್ತದೆ, ರೂಪವನ್ನು ‘ಥೀಮ್’ ಎಂಬ ಬೇರೆ ಅಚ್ಚಿನಲ್ಲಿ ಇಡುತ್ತದೆ. ಓದುಗ ಕೇಳಿದ ಕ್ಷಣದಲ್ಲಿ ಎರಡನ್ನೂ ಸೇರಿಸಿ ಪುಟ ಮಾಡಿ ಕೊಡುತ್ತದೆ. ಊರಿಗೆ ಒಂದು ಗುರುತಿನ ಸಂಖ್ಯೆ, ಆ ಸಂಖ್ಯೆಗೆ ಭಾಷೆವಾರು ಹೆಸರು. ಹೆಸರು ಬದಲಾದರೆ ಒಂದು ಕಡೆ ತಿದ್ದಿದರೆ ಸಾಕು.

ಬೆಲ್ಜಿಯಂನ ಡ್ರೈಸ್ ಬಾಯ್ಟಾರ್ಟ್ ವಿದ್ಯಾರ್ಥಿಯಾಗಿದ್ದಾಗ ಬರೆದ ಡ್ರೂಪಲ್ 2001ರ ಜನವರಿಯಲ್ಲಿ ಮುಕ್ತ ತಂತ್ರಾಂಶವಾಗಿ ಬಂತು. 2003ರ ಮೇ ತಿಂಗಳಲ್ಲಿ ವರ್ಡ್‌ಪ್ರೆಸ್, 2005ರಲ್ಲಿ ಜೂಮ್ಲಾ ಬಂದವು. ಬೆಲ್ಜಿಯಂ ಕೂಡ ಡಚ್, ಫ್ರೆಂಚ್, ಜರ್ಮನ್ ಎಂಬ ಮೂರು ಅಧಿಕೃತ ಭಾಷೆಗಳ ದೇಶ. ಕನ್ನಡಿಗರು ಇವನ್ನು ಬೇಗನೆ ಕೈಗೆತ್ತಿಕೊಂಡರು: 2005ರಲ್ಲಿ ಹರಿಪ್ರಸಾದ್ ನಾಡಿಗ್ ಆರಂಭಿಸಿದ ‘ಸಂಪದ’ ಡ್ರೂಪಲ್ ಮೇಲೆ ನಿಂತ ಯೂನಿಕೋಡ್ ಕನ್ನಡದ ತಾಣವಾಗಿತ್ತು.

ಆರಂಭದಲ್ಲಿ ಕಾಟ ಕೊಟ್ಟದ್ದು ಸಿಎಂಎಸ್ ಅಲ್ಲ, ಅದರ ಕೆಳಗಿನ ದತ್ತಸಂಚಯ. ಮೈಎಸ್‌ಕ್ಯೂಎಲ್ 2004ರ 4.1 ಆವೃತ್ತಿಯಿಂದ ಯುಟಿಎಫ್-8 ಅನ್ನು ಅರ್ಥಮಾಡಿಕೊಂಡಿತು. ಆದರೆ ಬೇರೆ ಹೇಳದಿದ್ದರೆ ಪಶ್ಚಿಮ ಯೂರೋಪಿನ ‘ಲ್ಯಾಟಿನ್-1’ ಎಂದೇ ಭಾವಿಸುವ ಚಾಳಿ 2018ರ 8.0 ಆವೃತ್ತಿಯವರೆಗೂ ಉಳಿಯಿತು. ಲ್ಯಾಟಿನ್-1 ಎಂದು ಗುರುತಾದ 255 ಅಕ್ಷರಗಳ ಅಂಕಣದಲ್ಲಿ ಅಕ್ಷರವೆಂದರೆ ಒಂದು ಬೈಟು. ಆಳಂದದ 12 ಬೈಟು ನೆನಪಿದೆಯಲ್ಲ? ಅದೇ ಲೆಕ್ಕದಲ್ಲಿ ಕನ್ನಡಕ್ಕೆ ಅಲ್ಲಿ 85 ಸಂಕೇತಗಳಿಗೆ ಮಾತ್ರ ಜಾಗ. ಉದ್ದದ ಶೀರ್ಷಿಕೆಗಳು ನಡುವೆಯೇ ತುಂಡಾಗುತ್ತಿದ್ದವು. ತಾಣವನ್ನು ಹೊಸ ಸರ್ವರ್‌ಗೆ ಸಾಗಿಸಿದಾಗ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ನಿಂತದ್ದೂ ಉಂಟು. ಆ ವರ್ಷಗಳ ಎಷ್ಟೋ ಕನ್ನಡ ಬರಹ ಹೀಗೆ ಕಳೆದುಹೋಯಿತು. ಸುಟ್ಟುಹೋದ ಗ್ರಂಥಾಲಯಕ್ಕಾದರೆ ನಾವು ಮರುಗುತ್ತೇವೆ, ಇದನ್ನು ಗಮನಿಸಿದವರೇ ಕಡಿಮೆ.

ಸಿಎಂಎಸ್‌ನಲ್ಲಿ ಭಾಷೆ ಎರಡು ಪದರದಲ್ಲಿರುತ್ತದೆ. ‘ಹುಡುಕಿ’, ‘ಮುಂದಿನ ಪುಟ’ ಮುಂತಾದ ಗುಂಡಿಗಳ ಮಾತುಗಳು ಒಂದು ಪದರ. ಇವನ್ನು ಅನುವಾದಿಸುವ ಸೌಲಭ್ಯ ಬೇಗನೆ ಬಂತು. ಸ್ವಯಂಸೇವಕರು ಪದಪಟ್ಟಿ ತುಂಬಿದರೆ ಸಾಕಿತ್ತು. ಕಷ್ಟವಾದದ್ದು ಎರಡನೆಯ ಪದರ, ಅಂದರೆ ನಾವೇ ಬರೆದ ವಿಷಯ. 2008ರ ಡ್ರೂಪಲ್ 6ರಲ್ಲಿ ಕನ್ನಡದ ಜೇವರ್ಗಿ ಒಂದು ಪುಟ, ಮರಾಠಿಯದು ಇನ್ನೊಂದು ಪುಟ. ಎರಡೂ ಒಂದೇ ವಿಷಯ ಎಂಬ ಕೊಂಡಿ ನಡುವೆ. ಪಿನ್ ಕೋಡ್ ಬದಲಾದರೆ ನಾಲ್ಕು ಪುಟದಲ್ಲೂ ತಿದ್ದಬೇಕು, ಒಂದನ್ನು ಮರೆತರೆ ಭಾಷೆಗೊಂದು ಸತ್ಯ. 2015ರ ನವೆಂಬರ್‌ನಲ್ಲಿ ಬಂದ ಡ್ರೂಪಲ್ 8 ಇದನ್ನು ಬುಡದಿಂದ ಬದಲಿಸಿತು. ಊರು ಒಂದೇ, ಅದರ ಹೆಸರು, ವಿವರಣೆ ಎಂಬ ಅಂಕಣಗಳು ಭಾಷೆಗೊಂದು, ಪಿನ್ ಕೋಡ್, ಅಕ್ಷಾಂಶ, ರೇಖಾಂಶ ಎಲ್ಲ ಭಾಷೆಗೂ ಒಂದೇ. ಯಾವುದು ಅನುವಾದವಾಗಬೇಕು, ಯಾವುದು ಆಗಬಾರದು ಎಂಬುದನ್ನು ತಾಣ ಕಟ್ಟುವವರೇ ಗುರುತು ಹಾಕುತ್ತಾರೆ. ವರ್ಡ್‌ಪ್ರೆಸ್ ಈ ಕೆಲಸವನ್ನು ಇಂದಿಗೂ ಪಾಲಿಲ್ಯಾಂಗ್, ಡಬ್ಲ್ಯುಪಿಎಂಎಲ್ ಮುಂತಾದ ಪ್ಲಗಿನ್‌ಗಳಿಗೆ ಬಿಟ್ಟಿದೆ.

ಉರ್ದು ಬಂದರೆ ಇಡೀ ಪುಟವೇ ಮಗ್ಗುಲು ಬದಲಿಸಬೇಕು: ಪಟ್ಟಿಗಳು ಬಲಕ್ಕೆ, ಬಾಣದ ಗುರುತುಗಳು ತಿರುವುಮುರುವು. ಬರಹ ಬಲದಿಂದ ಎಡಕ್ಕೆ ಹರಿದರೂ ಅದರೊಳಗಿನ ದೂರವಾಣಿ ಸಂಖ್ಯೆ ಎಡದಿಂದ ಬಲಕ್ಕೇ ಇರಬೇಕು. ಭಾಷೆ ಮತ್ತು ದಿಕ್ಕನ್ನು ಗುರುತಿಸುವ ಸೌಲಭ್ಯ 1997ರ ಎಚ್‌ಟಿಎಂಎಲ್ 4ರಲ್ಲೇ ಇತ್ತು. ಸಿಎಂಎಸ್‌ನ ಥೀಮ್‌ಗಳು ಅದನ್ನು ಪಾಲಿಸಲು ಕಲಿತದ್ದು ಎಷ್ಟೋ ತಡವಾಗಿ. ಕಲಬುರಗಿ ಜಿಲ್ಲಾಡಳಿತದ ಜಾಲತಾಣವನ್ನು ಇಂದು ತೆರೆದರೆ ಕನ್ನಡ ಮತ್ತು ಇಂಗ್ಲಿಷ್ ರೂಪಗಳಿವೆ. ರಾಷ್ಟ್ರೀಯ ಮಾಹಿತಿ ಕೇಂದ್ರ ಸರ್ಕಾರಿ ತಾಣಗಳಿಗಾಗಿಯೇ ರೂಪಿಸಿದ ವ್ಯವಸ್ಥೆಯ ಮೇಲೆ ಅದು ನಿಂತಿದೆ. ಇಂಥ ತಾಣಕ್ಕೆ ಉರ್ದುವನ್ನೋ ಮರಾಠಿಯನ್ನೋ ಸೇರಿಸಲು ಈಗ ತಂತ್ರಜ್ಞಾನ ಅಡ್ಡಬರುವುದಿಲ್ಲ. ಬರೆಯುವವರು ಬೇಕು, ಬರೆದದ್ದನ್ನು ಕಾಲಕಾಲಕ್ಕೆ ತಿದ್ದುವವರು ಬೇಕು. 2011ರಲ್ಲಿ ಗೂಗಲ್‌ನ ಯಾಂತ್ರಿಕ ಅನುವಾದಕ್ಕೆ ಕನ್ನಡ ಸೇರಿತು, ಅಲ್ಲಿಂದೀಚೆಗೆ ಅದು ಬಹಳ ಸುಧಾರಿಸಿದೆ. ಸುತ್ತೋಲೆಯ ಕರಡಿಗೆ ಅದನ್ನು ಧಾರಾಳವಾಗಿ ಬಳಸಿ. ಊರಿನ, ಮನುಷ್ಯರ ಹೆಸರುಗಳನ್ನು ಮಾತ್ರ ಅದಕ್ಕೆ ಒಪ್ಪಿಸಬೇಡಿ; ಪಹಣಿಯಲ್ಲೊಂದು, ಪಡಿತರ ಚೀಟಿಯಲ್ಲೊಂದು ಹೆಸರಾದವರ ಅಲೆದಾಟ ನಿಮಗೆ ಗೊತ್ತಿರುವುದೇ.

ತರಗತಿಯಲ್ಲಿ ಒಂದು ಪ್ರಯೋಗ

ನಿಮ್ಮ ಶಾಲೆಯ ತಾಣ ಕಟ್ಟುವ ಮೊದಲು ವಿದ್ಯಾರ್ಥಿಗಳಿಂದ ಇದನ್ನು ಮಾಡಿಸಿ. ‘ಜೇವರ್ಗಿ’ಯ ಮೊದಲ ಅಕ್ಷರದಲ್ಲಿರುವ ಏತ್ವವನ್ನು ಯೂನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಇಡಬಹುದು. 3271 ಎಂಬ ಒಂದೇ ಸಂಕೇತ ಒಂದು ಬಗೆ. 3270 ಎಂಬ ಎತ್ವದ ಮುಂದೆ 3285 ಎಂಬ ದೀರ್ಘದ ಗುರುತು ಇನ್ನೊಂದು ಬಗೆ. ತೆರೆಯ ಮೇಲೆ ಎರಡೂ ಒಂದೇ. ಹಳೆಯ ತುಂಡು ಸಂಕೇತದ ಕಡತಗಳನ್ನು ಯೂನಿಕೋಡ್‌ಗೆ ತರುವಾಗ ಅಲ್ಲಿ ಬೇರೆಯಾಗಿದ್ದ ದೀರ್ಘವನ್ನು ಬೇರೆಯಾಗಿಯೇ ಉಳಿಸಿದರೆ ಎರಡನೆಯ ಬಗೆ ಹುಟ್ಟುತ್ತದೆ. ಎರಡೂ ಸಮಾನವೆಂದು ಯೂನಿಕೋಡ್ ಸಾರಿದೆ. ಎಲ್ಲವನ್ನೂ ಒಂದೇ ರೂಪಕ್ಕೆ ತರುವ ‘ನಾರ್ಮಲೈಸೇಶನ್’ ಎಂಬ ಕ್ರಮವನ್ನೂ ಕೊಟ್ಟಿದೆ. ಆದರೆ ಆ ಕ್ರಮವನ್ನು ನಡೆಸದ ತಂತ್ರಾಂಶಕ್ಕೆ ಇವೆರಡು ಬೇರೆ ಬೇರೆ ಊರುಗಳು. ಉರ್ದುವಿನಲ್ಲೂ ಹೀಗೇ: ಅರಬ್ಬಿ ಕೀಲಿಮಣೆಯ ‘ಯೇ’ ಮತ್ತು ಉರ್ದು ಕೀಲಿಮಣೆಯ ‘ಯೇ’ ಪದದ ನಡುವೆ ಒಂದೇ ರೀತಿ ಕಂಡರೂ ಅವುಗಳ ಸಂಖ್ಯೆ ಬೇರೆ.

ಎರಡು ಬಗೆಯ ‘ಜೇವರ್ಗಿ’ಯನ್ನೂ ನೀವು ಆಯ್ದುಕೊಂಡ ಸಿಎಂಎಸ್‌ನ ಎರಡು ಪುಟಗಳಲ್ಲಿ ತುಂಬಿ. ಆಮೇಲೆ ಹುಡುಕುಪೆಟ್ಟಿಗೆಯಲ್ಲಿ ಎಂದಿನಂತೆ ಟೈಪ್ ಮಾಡಿ ಎಷ್ಟು ಪುಟ ಬರುತ್ತವೆ ಎಣಿಸಿ. ಎರಡು ಬಂದರೆ ಮುಂದುವರಿಯಿರಿ. ಒಂದೇ ಬಂದರೆ, ಉಳಿಸುವ ಮುನ್ನ ನಾರ್ಮಲೈಸೇಶನ್ ಮಾಡುವ ಒಂದು ಸಾಲು ಪಿಎಚ್‌ಪಿ ಎಲ್ಲಿ ಸೇರಿಸಬೇಕೆಂದು ಹುಡುಕುವುದೇ ಅವರ ಮೊದಲ ಮನೆಗೆಲಸ.